ಬಹುಮತ

"ಎಡಕ್ಕೆ ವಾಲ್ಸಿ, ಎಡಕ್ಕೆ! ನಿಮ್ಮೆಡ ಅಲ್ಲ ಮೇಷ್ಟ್ರೇ, ನನ್ನೆಡ!" ಪೆಟ್ಟಿಗೆಯ ಕೆಳತುದಿ ಹಿಡಿದವನು ಕೂಗಿದ.

ಪೆಟ್ಟಿಗೆಯ ಮೂಲೆ ಗೋಡೆಗೆ ಬಡಿದು ಬಣ್ಣದ ಚಕ್ಕೆಯೊಂದು ಉದುರಿತು. ಮೂರನೆಯ ಮಹಡಿಯಿಂದ ಎರಡನೆಯದಕ್ಕೆ ಇಳಿಯುವ ತಿರುವಿನಲ್ಲಿ ಸುಗವಾರ ಮಿನೋರುವಿನ ಶವಪೆಟ್ಟಿಗೆ ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಸಿಕ್ಕಿಕೊಂಡಿತ್ತು. ಮೇಲಿನ ತುದಿಯನ್ನು ಹಿಡಿದಿದ್ದವರು ನೆಲಮಹಡಿಯ ಹತಾನೊ ಮತ್ತು ಎರಡನೆಯ ಮಹಡಿಯ ಯಾಬೆ ಮೇಷ್ಟ್ರು. ಕೆಳಗಿನ ತುದಿಯಲ್ಲಿ ಸಂಸ್ಕಾರದ ಕಂಪನಿಯಿಂದ ಬಂದ ಕುವಾನೊ, ಅವನ ಪಕ್ಕದಲ್ಲಿ ಸತ್ತವನ ಮಗಳು ಸತೋಮಿ. ಹತಾನೊಗೆ ಎಪ್ಪತ್ತೇಳು, ಮೇಷ್ಟ್ರಿಗೆ ಎಪ್ಪತ್ತೇಳು, ಪೆಟ್ಟಿಗೆಯೊಳಗೆ ಮಲಗಿದ್ದವನಿಗೂ ಎಪ್ಪತ್ತೇಳು. ಟೋಕಿಯೊ ಕಡೆಯ ಈ ವಸತಿ ಸಮುಚ್ಚಯದ ಏಳನೆಯ ಬ್ಲಾಕಿನಲ್ಲಿ, ಇದೊಂದು ಮೆಟ್ಟಿಲನ್ನು ಹಂಚಿಕೊಂಡ ಮನೆಗಳಲ್ಲಿ ಉಳಿದಿದ್ದ ಗಂಡಸರು ಇಷ್ಟೇ.

"ಬೀರು ಇದೇ ತಿರುವಿನಲ್ಲಿ ಹತ್ತಿತ್ತಲ್ಲ ಮೇಷ್ಟ್ರೇ," ಹತಾನೊ ಏದುಸಿರು ಬಿಡುತ್ತ ಹೇಳಿದರು.

"ಏನು?"

"ಬೀರು! ಮಿನೋರು ಹೆಂಡ್ತಿ ತವರಿಂದ ತಂದ ಬೀರು!"

"ಹ್ಞಾಂ, ಬೀರು. ಅದರ ಕಾಲು ಬಿಚ್ಚಿದ್ವಿ."

"ಇವನ ಕಾಲು ಬಿಚ್ಚೋಕಾಗುತ್ತೇನ್ರೀ?"

ಮೇಲಿನ ಕಟಕಟೆಗೆ ಆತು ನಿಂತಿದ್ದ ಎದುರು ಮನೆಯ ಫುಮಿಕೊ ಅತ್ತೆ ಕಪ್ಪು ಉಡುಪಿನ ತೋಳಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಆವತ್ತು ನಿಮಗೆಲ್ಲ ಸೊಂಟ ಅನ್ನೋದೊಂದಿತ್ತು ಕಣ್ರೀ. ಬೀರು ಬಗ್ಗಲಿಲ್ಲ, ನೀವು ಬಗ್ಗಿದ್ರಿ."

"ನಾನು ಮೊದಲೇ ಹೇಳಿದ್ದೆ," ಎಂದ ಕುವಾನೊ ಮೆಲ್ಲಗೆ. ಅವನದು ಹೆಚ್ಚುಕಡಿಮೆ ಸತೋಮಿಯದೇ ವಯಸ್ಸು, ಐವತ್ತರ ಆಚೀಚೆ. "ಸ್ಟ್ರೆಚರಿನಲ್ಲಿ ಕೆಳಗಿಳಿಸಿ, ಅಲ್ಲಿ ಪೆಟ್ಟಿಗೆಗೆ ಹಾಕೋಣ ಅಂತ. ಖಾಲಿ ಪೆಟ್ಟಿಗೇನೂ ನಿಲ್ಲಿಸ್ಕೊಂಡೇ ಹತ್ತಿಸಿದ್ದು ನಾನು."

"ಅದು ತೀರ್ಮಾನ ಆಗೋಗಿದೆ ಕಣಪ್ಪ. ನಮ್ಮ ಬ್ಲಾಕ್ ಸಂಘದ ಅಧ್ಯಕ್ಷ ಮಿನೋರು ತನ್ನ ಬಾಗಿಲಿಂದ ಪೆಟ್ಟಿಗೆಯಲ್ಲೇ ಹೊರಡಬೇಕು ಅಂತ. ಬ್ಲಾಕಿನವರೆಲ್ಲ ಕೈ ಎತ್ತಿದ್ದಾರೆ," ಎಂದರು ಹತಾನೊ.

ಕುವಾನೊ ಪೆಟ್ಟಿಗೆಯಡಿ ಹಿಡಿತ ಬದಲಿಸಿದ. ಕೈ ಎತ್ತಿ ಆದ ತೀರ್ಮಾನಕ್ಕೆ ಎದುರಾಡಿ ಪ್ರಯೋಜನವಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಸತೋಮಿಗಂತೂ ಹುಟ್ಟಿದಾಗಿನಿಂದ ಗೊತ್ತಿತ್ತು. ಹತ್ತು ವರ್ಷದ ಹಿಂದೆ ಈ ಬ್ಲಾಕನ್ನು ಕೆಡವಿ ಲಿಫ್ಟ್ ಇರುವ ಹೊಸ ಕಟ್ಟಡ ಕಟ್ಟುತ್ತೇವೆಂದು ಬಂದವರಿದ್ದರು. ಅಪ್ಪ ಸಭೆಯಲ್ಲಿ ಎದ್ದು ನಿಂತು, ಮೆಟ್ಟಿಲು ಹತ್ತುವುದೇ ವ್ಯಾಯಾಮ, ಈ ವಯಸ್ಸಿನಲ್ಲಿ ಗಂಟುಮೂಟೆ ಕಟ್ಟಿಕೊಂಡು ಎರಡು ವರ್ಷ ಎಲ್ಲಿಗೆ ಹೋಗೋಣ ಎಂದು ಕೇಳಿದ್ದ. ಕೈಗಳು ಮೇಲೆದ್ದವು. ಲಿಫ್ಟ್ ಬರಲಿಲ್ಲ. ಅಂದಿನಿಂದ ನಾಲ್ಕೂ ಮಹಡಿಯ ಅಕ್ಕಿಚೀಲ, ಮೂಲಂಗಿ, ಸೀಮೆಎಣ್ಣೆಯ ಕ್ಯಾನು ಸತೋಮಿಯ ಕೈಯಲ್ಲಿ ಮೇಲೆ ಹತ್ತಿದವು, ಕಸ ಅವಳ ಕೈಯಲ್ಲೇ ಕೆಳಗಿಳಿಯಿತು.

"ನಿಲ್ಲಿಸದೇ ಬೇರೆ ದಾರಿ ಇಲ್ಲ," ಎಂದ ಕುವಾನೊ.

ಹತಾನೊ ಗಂಟಲು ಸರಿಮಾಡಿಕೊಂಡರು. "ಆಗ್ಲಿ. ಪೆಟ್ಟಿಗೆ ನಿಲ್ಲಿಸೋದು ಅಂತ ಒಪ್ಪಿಗೆ ಇರೋರು ಕೈ..." ಎಂದವರು ತಮ್ಮ ಎರಡೂ ಕೈ ಪೆಟ್ಟಿಗೆಯಡಿ ಸಿಕ್ಕಿಕೊಂಡಿರುವುದನ್ನು ನೋಡಿ, "ಹೂಂ ಅನ್ನಿ," ಎಂದರು.

"ಹೂಂ," ಎಂದರು ಫುಮಿಕೊ ಅತ್ತೆ. "ಏನು?" ಎಂದರು ಮೇಷ್ಟ್ರು. ಅದನ್ನೂ ಹೂಂ ಎಂದೇ ಲೆಕ್ಕ ಹಿಡಿದರು.

ಪೆಟ್ಟಿಗೆ ಮೆಲ್ಲಗೆ ನೆಟ್ಟಗಾಯಿತು. ಒಳಗೆ ಏನೋ ಜಾರಿ ಬಂದು ಸತೋಮಿ ಅಂಗೈ ಕೊಟ್ಟಿದ್ದ ಜಾಗಕ್ಕೆ ದಪ್ಪೆಂದು ತಾಗಿತು. ಅಪ್ಪನ ಪಾದಗಳು. ಅವಳು ಕಣ್ಣು ಮುಚ್ಚಿಕೊಂಡು ಭಾರ ತಡೆದಳು. ಸುಗವಾರ ಮಿನೋರು ತಾನು ಐವತ್ತು ವರ್ಷ ಹತ್ತಿಳಿದ ಮೆಟ್ಟಿಲಿನಿಂದ ನಿಂತುಕೊಂಡೇ ಕೆಳಗಿಳಿದ.

ಶವದ ವಾಹನದ ಬಾಗಿಲು ಮುಚ್ಚುವಾಗ ಸತೋಮಿಯ ಚೀಲದಲ್ಲಿ ಫೋನು ನಡುಗಿತು. ಕನಾಏ ಕಳಿಸಿದ ಸಂದೇಶ. ಇಬ್ಬರೂ ಸೂಪರ್ ಮಾರ್ಕೆಟ್ಟಿನ ಅಡುಗೆಮನೆಯಲ್ಲಿ ಒಂದೇ ಬಾಣಲೆಯ ಮುಂದೆ ನಿಂತು ವರ್ಷಗಟ್ಟಲೆ ಆಲೂಗೆಡ್ಡೆ ವಡೆ ಕರಿದವರು. ಕನಾಏ ಈಗ ದಕ್ಷಿಣದ ಒಳಗಡಲಿನ ದ್ವೀಪವೊಂದರಲ್ಲಿ ಯಾತ್ರಿಕರು ತಂಗುವ ಮನೆ ನಡೆಸುತ್ತಿದ್ದಳು, ಅಲ್ಲೇ ಇದ್ದು ಜೊತೆಗೆ ಕೆಲಸ ಮಾಡು ಬಾ ಎಂದು ಸತೋಮಿಯನ್ನು ಕರೆದಿದ್ದಳು. 'ಇಂಥ ದಿನ ಕೇಳಬಾರದು, ಗೊತ್ತು. ಆದ್ರೆ ನಿನ್ನ ಕೋಣೆ ಇನ್ನು ಹಿಡಿದಿಡೋಕಾಗಲ್ಲ ಕಣೇ. ಸಂಜೆಯೊಳಗೆ ಬರ್ತೀಯೋ ಇಲ್ಲವೋ ಹೇಳು. ಬರಲ್ಲ ಅಂದ್ರೆ ಬೇರೆಯವಳನ್ನ ಕರೀತೀನಿ, ಬೇಜಾರು ಮಾಡ್ಕೋಬೇಡ.' ಆ ಕೋಣೆಯ ಕಿಟಕಿಯಿಂದ ತೆಗೆದ ಸಮುದ್ರದ ಚಿತ್ರವನ್ನು ಸತೋಮಿ ಎಷ್ಟು ಸಲ ನೋಡಿದ್ದಳೋ. ಅಪ್ಪ ಬದುಕಿರುವಾಗ ಬರಲಾರೆ ಎಂದಿದ್ದಳು. ಈಗ ಆ ಕಾರಣವೂ ಇಲ್ಲ.

"ಯಾರದು ಮಗು?" ಫುಮಿಕೊ ಅತ್ತೆ ಕೇಳಿದರು. ಈ ಮೆಟ್ಟಿಲಿನಲ್ಲಿ ಐವತ್ತು ದಾಟಿದ ಸತೋಮಿ ಇನ್ನೂ ಮಗುವೇ.

"ಕೆಲಸದ ಕಡೆಯವರು ಅತ್ತೆ."

"ಸರಿ ಬಿಡು. ಸಂಜೆ ಮಾತ್ರ ನನ್ನ ಕಣ್ಣಿನ ಹನಿ ಮರೀಬೇಡ."

*

ಯುದ್ಧ ಮುಗಿದು ಗಂಡಸರು ಮನೆಗೆ ಮರಳಿದರು. ಮರಳಿದವರು ಸುಮ್ಮನೆ ಕೂರಲಿಲ್ಲ. ಎರಡು ಮೂರು ವರ್ಷದಲ್ಲಿ ದೇಶದ ತುಂಬ ಮಕ್ಕಳೇ ಮಕ್ಕಳು. ಮುಂದೆ ಪತ್ರಿಕೆಯವರು ಆ ವರ್ಷಗಳಲ್ಲಿ ಹುಟ್ಟಿದವರಿಗೆ ಮುದ್ದೆ ಎಂದು ಹೆಸರಿಟ್ಟರು. ಬಿಡಿಸಲಾಗದಂತೆ ಒಂದಕ್ಕೊಂದು ಅಂಟಿದ ಜನ. ಅಪ್ಪನಿಗೆ ಆ ಹೆಸರು ಇಷ್ಟವಾಗಿತ್ತು. "ನಾವು ಮುದ್ದೆಯವರು," ಎಂದು ಎರಡು ಲೋಟ ಅಕ್ಕಿಯ ಮದ್ಯ ಒಳಗೆ ಹೋದ ಮೇಲೆ ಎದೆ ತಟ್ಟಿಕೊಳ್ಳುತ್ತಿದ್ದ.

ಅವನು ಹುಟ್ಟಿ ಬೆಳೆದ ಉತ್ತರದ ಅಕಿತಾದ ಹಳ್ಳಿಶಾಲೆಯಲ್ಲಿ ಒಂದೊಂದು ಬೆಂಚಿಗೆ ಮೂವರು. ಇನ್ನೂ ಮಕ್ಕಳು ಬಂದರೆಂದು ಆಟದ ಕೊಠಡಿಯನ್ನು ಪರದೆ ಕಟ್ಟಿ ಎರಡು ಮಾಡಿದ್ದರು. ಒಂದು ಕಡೆ ಗಣಿತ ಹೇಳಿದರೆ ಇನ್ನೊಂದು ಕಡೆಯವರು ಅದನ್ನೂ ಕಲಿಯುತ್ತಿದ್ದರು. ಅಲ್ಲಿಗೆ ಹೊಸದಾಗಿ ಬಂದಿದ್ದ ಮೇಷ್ಟ್ರೊಬ್ಬರಿಗೆ ಪ್ರಜಾಪ್ರಭುತ್ವದ ಮೇಲೆ ಬಲು ನಂಬಿಕೆ. ಯಾವುದಕ್ಕೂ ಹೊಡೆಯುತ್ತಿರಲಿಲ್ಲ, ಎಲ್ಲದಕ್ಕೂ ಕೈ ಎತ್ತಿಸುತ್ತಿದ್ದರು. ಹಿಮ ಬೀಳುವ ಕಾಲದಲ್ಲಿ ಒಲೆಯ ಹತ್ತಿರ ಯಾವ ಸಾಲು ಕೂರಬೇಕು ಎಂಬುದಕ್ಕೂ ಮತವೇ. ಮೊದಲ ವರ್ಷ ಮಿನೋರು ಒಬ್ಬನೇ ಬೇರೆ ಕಡೆ ಕೈ ಎತ್ತಿದ. ಆ ಚಳಿಗಾಲ ಪೂರ್ತಿ ಕಿಟಕಿಯ ಸಂದಿಯ ಗಾಳಿ ಅವನ ಕಿವಿಗೆ ಬಡಿಯಿತು. ಆಮೇಲೆ ಅವನು ಕೈ ಎತ್ತುವ ಮುಂಚೆ ಸುತ್ತ ನೋಡುವುದನ್ನು ಕಲಿತ. ಇನ್ನೂ ದೊಡ್ಡವನಾದ ಮೇಲೆ ಸುತ್ತಲಿನವರು ಅವನನ್ನು ನೋಡಿ ಕೈ ಎತ್ತುವಂತೆ ಮಾಡುವುದನ್ನೂ ಕಲಿತ.

ಹದಿನೈದಕ್ಕೆ ಶಾಲೆ ಮುಗಿಯಿತು. ಜಿಲ್ಲೆಯ ಹುಡುಗ ಹುಡುಗಿಯರನ್ನೆಲ್ಲ ಒಂದೇ ರೈಲಿಗೆ ತುಂಬಿ ಟೋಕಿಯೊಗೆ ಕಳಿಸಿದರು. ಇಬ್ಬರು ಕೂರುವ ಜಾಗದಲ್ಲಿ ನಾಲ್ವರು. ಹತಾನೊ ರಾತ್ರಿಯೆಲ್ಲ ಮಿನೋರುವಿನ ಅರ್ಧ ತೊಡೆಯ ಮೇಲೆ ಕೂತು ಬಂದವರು. ಬೆಳಿಗ್ಗೆ ನಿಲ್ದಾಣದಲ್ಲಿ ಕಂಪನಿಗಳವರು ಬಾವುಟ ಹಿಡಿದು ಕಾದಿದ್ದರು. ಇಬ್ಬರೂ ಒಂದೇ ಬಾವುಟದ ಹಿಂದೆ ನಡೆದು ಅಳತೆಯ ಉಪಕರಣ ಮಾಡುವ ಕಾರ್ಖಾನೆ ಸೇರಿದರು. ಮದುವೆಯಾದ ಮೇಲೆ ಇಬ್ಬರಿಗೂ ಒಂದೇ ವರ್ಷ ಲಾಟರಿಯಲ್ಲಿ ಇದೇ ಬ್ಲಾಕಿನಲ್ಲಿ ಮನೆ ಬಂತು. ಮಿನೋರುಗೆ ಜೀವನದಲ್ಲಿ ಹೊಡೆದ ಲಾಟರಿ ಅದೊಂದೇ. ಹದಿನೈದು ವರ್ಷದಿಂದ ನಗರದ ಸ್ಮಶಾನದಲ್ಲಿ ಸಮಾಧಿಯ ಜಾಗಕ್ಕೆ ಚೀಟಿ ಹಾಕುತ್ತಿದ್ದ, ಬರಲಿಲ್ಲ. ಹೆಂಡತಿಯ ಅಸ್ಥಿಯ ಪಾತ್ರೆ ಇನ್ನೂ ಬೀರುವಿನ ಮೇಲೇ ಕೂತಿತ್ತು.

*

ದಹನಾಗಾರದ ಒಳಗೆ ಒಂದು ಉದ್ದನೆಯ ಗೋಡೆ. ಅದರಲ್ಲಿ ಸಾಲಾಗಿ ಉಕ್ಕಿನ ಬಾಗಿಲುಗಳು. ಪ್ರತಿ ಬಾಗಿಲ ಮುಂದೆಯೂ ಕಪ್ಪು ಬಟ್ಟೆಯ ಒಂದೊಂದು ಗುಂಪು, ಹಿಂದೆ ಸರದಿ ಕಾಯುವ ಮತ್ತೊಂದು ಗುಂಪು. ಈ ಬಾಗಿಲು ಸಿಗುವುದಕ್ಕೆ ವಾರ ದಾಟಿತ್ತು. ಅಲ್ಲಿಯ ತನಕ ಕುವಾನೊ ದಿನಾ ಬೆಳಿಗ್ಗೆ ಬಂದು ಮನೆಯಲ್ಲೇ ಅಪ್ಪನ ಎದೆಯ ಮೇಲೆ ಡ್ರೈ ಐಸ್ ಬದಲಾಯಿಸಿದ್ದ.

"ಎಲ್ಲಾ ಕಡೆ ಹೀಗೇ ಸತೋಮಿಯವರೇ," ಎಂದ ಅವನು, ಪೆಟ್ಟಿಗೆಯ ಗಾಡಿ ತಳ್ಳುತ್ತ. "ಕಾಲೇಜು ಮುಗಿಸಿದಾಗ ನನಗೆ ಎಲ್ಲೂ ಕೆಲಸ ಸಿಗ್ಲಿಲ್ಲ. ಸಾಲು ಮುಂದೆ ಹೋಗ್ತಾನೇ ಇರ್ಲಿಲ್ಲ. ಇವರೆಲ್ಲ ಹೊರಡೋಕೆ ಶುರು ಮಾಡಿದ್ರು ನೋಡಿ, ಆಗ ಕೆಲಸಾನೇ ಕೆಲಸ." ಹೇಳಿದ ಮೇಲೆ ತಪ್ಪಾಯಿತೆಂದು ತಲೆ ತಗ್ಗಿಸಿದ.

"ನಾನು ಕಾಲೇಜು ಮುಗಿಸಿದ್ದೂ ಆಗಲೇ," ಎಂದಳು ಸತೋಮಿ. ಅವನು ಅವಳನ್ನು ನೋಡಿದ. ಅವರಿಬ್ಬರ ನಡುವೆ ಇನ್ನು ವಿವರಿಸುವುದೇನೂ ಉಳಿದಿರಲಿಲ್ಲ.

ಪುರೋಹಿತರು ಚಿಕ್ಕದಾಗಿ ಸೂತ್ರ ಓದಿದರು. ಬಾಗಿಲು ಎರಡೂ ಬದಿಗೆ ಸರಿದು ತೆರೆದುಕೊಂಡಿತು, ಪೆಟ್ಟಿಗೆ ಒಳಗೆ ಹೋಯಿತು, ಬಾಗಿಲು ಮತ್ತೆ ಕೂಡಿತು. ಎಲ್ಲರೂ ಕೈ ಜೋಡಿಸಿ ಬಗ್ಗಿದ್ದಾಗ ಫುಮಿಕೊ ಅತ್ತೆ ಪಿಸುಗುಟ್ಟಿದರು.

"ಲಿಫ್ಟ್ ಬೇಡ ಬೇಡ ಅಂತಿದ್ದ. ಕೊನೆಗೂ ಹತ್ತಿದ ನೋಡು."

ಹತಾನೊ ಭುಜ ಕುಣಿಸಿ ನಕ್ಕರು. ನಗುತ್ತ ನಗುತ್ತ ಅತ್ತರು. ಮೇಷ್ಟ್ರಿಗೆ ಕೇಳಿಸಲಿಲ್ಲ, ಆದರೂ ಹತಾನೊ ಅಳುವುದನ್ನು ನೋಡಿ ಅವರೂ ಅತ್ತರು.

*

ಅಪ್ಪ ಮನೆಯಲ್ಲೂ ಕೈ ಎತ್ತಿಸುತ್ತಿದ್ದ. ಭಾನುವಾರ ಎಲ್ಲಿಗೆ ಹೋಗುವುದು, ಯಾವ ಬಣ್ಣದ ಪರದೆ, ಬೆಕ್ಕು ಸಾಕಬೇಕೋ ಬೇಡವೋ. ಚಿಕ್ಕವಳಿದ್ದಾಗ ಸತೋಮಿಗೆ ಅದು ಆಟದಂತೆ ಇತ್ತು. ಅವಳ ಕೈಯನ್ನೂ ಅಪ್ಪ ಗಂಭೀರವಾಗಿ ಎಣಿಸುತ್ತಿದ್ದ.

ಹದಿನೆಂಟಕ್ಕೆ ಅವಳಿಗೆ ಹಿರೋಶಿಮಾದ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಸಮುದ್ರಜೀವಿಗಳ ಬಗ್ಗೆ ಕಲಿಸುವ ಕಾಲೇಜು. ರಾತ್ರಿ ಊಟದ ತಟ್ಟೆ ಸರಿಸಿ ಅಪ್ಪ ಹೇಳಿದ: "ಸತೋಮಿ ಅಷ್ಟು ದೂರ ಹೋಗೋದು ಬೇಡ, ಮನೆಯಿಂದಲೇ ಓಡಾಡೋ ಕಾಲೇಜು ಸೇರ್ಲಿ ಅನ್ನೋರು?" ಅವನ ಕೈ ಎದ್ದಿತು. ಅಮ್ಮ ಸ್ವಲ್ಪ ತಡೆದು, ಮಗಳ ಮುಖ ನೋಡದೆ ಕೈ ಎತ್ತಿದಳು. "ವಿರೋಧ?" ಎಂದು ಅಪ್ಪ ಕೇಳಿದ. ಸತೋಮಿಯ ಕೈಯಲ್ಲಿ ಅನ್ನದ ಬಟ್ಟಲಿತ್ತು. ಎತ್ತಿದರೂ ಒಂದೇ ಕೈ. ಅವಳು ಬಟ್ಟಲು ಕೆಳಗಿಡಲಿಲ್ಲ.

"ಬಹುಮತ," ಎಂದ ಅಪ್ಪ, ಬೇಸರಪಡಬೇಡ ಎಂಬಂತೆ ಅವಳ ತಲೆ ಸವರಿ.

*

ಬೂದಿಯಾಗುವ ತನಕ ಕಾಯುವ ಕೋಣೆಯಲ್ಲಿ ಚಹಾ, ಬಿಯರು, ಉಪ್ಪಿನಕಾಯಿ ಹುದುಗಿಸಿದ ಅನ್ನದುಂಡೆಗಳು ಇದ್ದವು. ಬ್ಲಾಕಿನ ಪಕ್ಕದ ಮೆಟ್ಟಿಲುಗಳಿಂದ ಬಂದ ನಾಲ್ಕಾರು ಮುದುಕ ಮುದುಕಿಯರೂ ಮೇಜಿನ ಸುತ್ತ ಕೂತಿದ್ದರು. ಮೇಷ್ಟ್ರು ತಮ್ಮ ಶಾಲೆಯ ಸುದ್ದಿ ಹೇಳಿದರು. ಮಕ್ಕಳು ತುಂಬಿ ಅಂಗಳದಲ್ಲಿ ತಗಡಿನ ಶೆಡ್ಡು ಹಾಕಿದ್ದ ಶಾಲೆ ಅದು. ಮಕ್ಕಳಿಲ್ಲದೆ ಮುಚ್ಚಿತು, ಈಗ ವೃದ್ಧರ ಹಗಲು ಆರೈಕೆಯ ಮನೆಯಾಗಿದೆ. "ವಾರಕ್ಕೆ ಎರಡು ಸಲ ಹೋಗ್ತೀನಿ. ನಾನು ಪಾಠ ಮಾಡಿದ ಕೋಣೇಲೇ ನನಗೆ ಸ್ನಾನ ಮಾಡಿಸ್ತಾರೆ," ಎಂದರು. ಎಲ್ಲರೂ ನಕ್ಕರು.

ಎರಡನೆಯ ಲೋಟದ ಹೊತ್ತಿಗೆ ಹತಾನೊ ಎದ್ದು ನಿಂತರು.

"ಮಿನೋರು ಎಂಥೋನು ಅಂತ ಈ ಮಗೂಗೆ ಗೊತ್ತಿಲ್ಲ. ನಾನು ಹೇಳ್ತೀನಿ ಕೇಳು ಮಗು. ಕಾರ್ಖಾನೆಗೆ ಕೆಟ್ಟ ಕಾಲ ಬಂದಿತ್ತು. ವಯಸ್ಸಾದವರು ಒಂದಷ್ಟು ಜನ ಮನೆಗೆ ಹೋಗಿ, ಇಲ್ಲಾಂದ್ರೆ ಹೊಸಬರನ್ನ ತಗೊಳ್ಳೋದು ನಿಲ್ಲಿಸ್ತೀವಿ, ಯಾವುದು ಬೇಕು ನೀವೇ ಹೇಳಿ ಅಂದ್ರು ಮೇಲಿನವರು. ಯೂನಿಯನ್ನಿನ ಸಭೆ. ಒಬ್ಬರೂ ಉಸಿರು ಬಿಡ್ತಿಲ್ಲ. ಆಗ ನಿಮ್ಮಪ್ಪ ಎದ್ದು ನಿಂತ. ಇನ್ನೂ ಬರದೇ ಇರೋರ ಹೊಟ್ಟೆ ನಾವು ಕಂಡಿಲ್ಲ, ಇಲ್ಲಿ ಕೂತಿರೋರ ಹೊಟ್ಟೆ ಕಾಣ್ತಿದೆ ಅಂದ. ಹೊಸಬರು ಬೇಡ ಅನ್ನೋರು ಕೈ ಎತ್ತಿ ಅಂತ ತಾನೇ ಮೊದಲು ಎತ್ತಿದ. ಅಬ್ಬಾ, ಹಾಲ್ ತುಂಬಾ ಕೈ! ನಮ್ಮಲ್ಲಿ ಒಬ್ಬನ ಕೆಲಸಾನೂ ಹೋಗ್ಲಿಲ್ಲ ನೋಡು."

"ನನ್ನ ಗಂಡಂದೂ ಉಳೀತು," ಎಂದಳು ಪಕ್ಕದ ಮೆಟ್ಟಿಲಿನ ಮುದುಕಿಯೊಬ್ಬಳು, ಕಣ್ಣೊರೆಸಿಕೊಳ್ಳುತ್ತ.

ಸತೋಮಿ ಚಹಾದ ಕೆಟಲು ಹಿಡಿದು ಬಗ್ಗಿದವಳು ಹಾಗೇ ನಿಂತಳು.

"ಯಾವ ವರ್ಷ ಮಾವ ಅದು?"

"ಕೋಬೆಯಲ್ಲಿ ಭೂಕಂಪ ಆಯ್ತಲ್ಲ, ಅದೇ ವರ್ಷ. ವರ್ಷದ ಕೊನೆ. ಯಾಕಮ್ಮ?"

"ಏನಿಲ್ಲ," ಎಂದು ಅವಳು ಅವರ ಬಟ್ಟಲಿಗೆ ಚಹಾ ಸುರಿದಳು. ಬಟ್ಟಲು ತುಂಬಿ ಮೇಜಿನ ಮೇಲೆ ಹರಿಯಿತು. ಫುಮಿಕೊ ಅತ್ತೆ ಒಂದು ಮಾತೂ ಆಡದೆ ಬಟ್ಟೆ ತಂದು ಒರೆಸಿದರು.

*

ಭೂಕಂಪದ ವರ್ಷದ ಕೊನೆ. ಸತೋಮಿಗೆ ಮಾರ್ಚಿನಲ್ಲಿ ಕಾಲೇಜು ಮುಗಿಯಲಿತ್ತು. ಕಪ್ಪು ಸೂಟು ತೊಟ್ಟು ಬೆಳಿಗ್ಗೆ ಹೊರಟು, ಸಂಜೆ ಹಿಂದಿರುಗುತ್ತಿದ್ದಳು. ಎಲ್ಲ ಕಂಪನಿಗಳಲ್ಲೂ ಅದೇ ಬಾಗಿದ ತಲೆ, ಅದೇ ಕ್ಷಮಿಸಿ.

"ನಮ್ಮನ್ನ ಊರಿಗೇ ಬಂದು ಕರ್ಕೊಂಡು ಹೋದ್ರು," ಎಂದಿದ್ದ ಅಪ್ಪ ಒಂದು ಸಲ. "ನಿನಗೆ ಮಾತ್ರ ಯಾಕೆ ಸಿಗಲ್ಲ? ನೆಟ್ಟಗೆ ಬಗ್ತೀಯಾ? ಎಲ್ಲಿ, ಬಗ್ಗು ನೋಡೋಣ." ಅಡುಗೆಮನೆಯಲ್ಲಿ ನಿಲ್ಲಿಸಿ ಬಗ್ಗುವುದನ್ನು ಹೇಳಿಕೊಟ್ಟ. ಸೊಂಟದಿಂದ ಬಗ್ಗಬೇಕು, ಕುತ್ತಿಗೆಯಿಂದಲ್ಲ. ಅವಳು ಸಿಂಕಿನ ಮುಂದೆ ಮತ್ತೆ ಮತ್ತೆ ಬಗ್ಗಿದಳು.

ಡಿಸೆಂಬರಿನ ಒಂದು ರಾತ್ರಿ ಅವಳು ಕೇಳಿದಳು. "ನಿಮ್ಮ ಕಾರ್ಖಾನೆಯ ಆಫೀಸಿನಲ್ಲಿ ಏನಾದ್ರೂ ಇದೆಯಾ ಅಪ್ಪ? ಯಾವ ಕೆಲಸ ಆದ್ರೂ ಸರಿ."

ಅಪ್ಪ ಬಟ್ಟಲಿನೊಳಗೆ ನೋಡುತ್ತಿದ್ದ. "ಅಲ್ಲಿ ಈ ವರ್ಷ ತಗೊಳ್ತಿಲ್ಲ," ಎಂದ. ಅರ್ಧ ತಿಂದ ಶಾವಿಗೆಯನ್ನು ಸಿಂಕಿಗೆ ಸುರಿದು ಎದ್ದು ಹೋದ. ಮರುದಿನದಿಂದ ಆ ಚಳಿಗಾಲ ಮುಗಿಯುವವರೆಗೂ ಅವಳು ಏಳುವ ಮುಂಚೆ ಬಾಗಿಲ ಬಳಿ ಅವಳ ಶೂಗಳು ಪಾಲಿಶ್ ಆಗಿ ಹೊರಮುಖವಾಗಿ ನಿಂತಿರುತ್ತಿದ್ದವು. ಮೊದಲ ಸಲ ಅದನ್ನು ನೋಡಿದಾಗ ಅವಳಿಗೆ ಅಳು ಬಂದಿತ್ತು. ಅಪ್ಪ ಎಷ್ಟು ಒಳ್ಳೆಯವನು ಎಂದುಕೊಂಡಿದ್ದಳು.

ಒಳ್ಳೆಯವನೇ. ಅದೇ ಕಷ್ಟ. ಆ ಕೈಯೇ ಸಭೆಯಲ್ಲಿ ಮೊದಲು ಮೇಲೆದ್ದಿತ್ತು, ಆ ಕೈಯೇ ಬೆಳಗಿನ ಚಳಿಯಲ್ಲಿ ಕೂತು ಅವಳ ಶೂ ಉಜ್ಜಿತ್ತು. ಆಮೇಲೆ ಅವಳು ಮಾಡಿದ್ದೆಲ್ಲ ಆರಾರು ತಿಂಗಳ ಕೆಲಸ. ಬಾಡಿಗೆ ಮನೆ ಹಿಡಿಯುವಷ್ಟು ಭದ್ರವಾದದ್ದು ಒಂದೂ ಸಿಗಲಿಲ್ಲ. ಅಮ್ಮ ಕಾಯಿಲೆ ಬಿದ್ದಳು, ಅಪ್ಪನ ಎಡಗೈ ಲಕ್ವ ಹೊಡೆದು ಸ್ವಾಧೀನ ತಪ್ಪಿತು. ಬಲಗೈ ಮಾತ್ರ ಕೊನೆಯ ತನಕ ಚೆನ್ನಾಗಿ ಮೇಲೇಳುತ್ತಿತ್ತು.

*

ಸಿಬ್ಬಂದಿಯ ಹೆಂಗಸು ಬಿಳಿ ಕೈಗವಸು ತೊಟ್ಟು ಬಗ್ಗಿ ನಮಸ್ಕರಿಸಿದಳು. ತಟ್ಟೆಯ ಮೇಲೆ ಅಪ್ಪನ ಎಲುಬುಗಳು ಬಿಸಿಯಾಗಿ, ಬೆಳ್ಳಗೆ ಇದ್ದವು. ಇಬ್ಬಿಬ್ಬರು ಸೇರಿ ಒಂದೊಂದು ಎಲುಬನ್ನು ಕಡ್ಡಿಗಳಿಂದ ಎತ್ತಿ ಪಾತ್ರೆಗೆ ಹಾಕಬೇಕು. ಪಾದದಿಂದ ಶುರು, ತಲೆ ಕೊನೆಗೆ, ಸತ್ತವರು ಪಾತ್ರೆಯೊಳಗೂ ನೆಟ್ಟಗಿರಲಿ ಎಂದು. ಸತೋಮಿ ಹತಾನೊ ಜೊತೆ ಮೊದಲ ಎಲುಬನ್ನು ಎತ್ತಿದಳು.

ಮಿನೋರುವಿನದು ದೊಡ್ಡ ಎಲುಬು. ಸೊಂಟದ ತನಕ ಬರುವಷ್ಟರಲ್ಲೇ ಪಾತ್ರೆ ಮುಕ್ಕಾಲು ತುಂಬಿತು. ಟೋಕಿಯೊ ಕಡೆ ಒಂದು ಚೂರೂ ಬಿಡುವಂತಿಲ್ಲ, ಎಲ್ಲವೂ ಒಳಗೆ ಹೋಗಬೇಕು.

"ಕ್ಷಮಿಸಿ," ಎಂದಳು ಸಿಬ್ಬಂದಿಯ ಹೆಂಗಸು. "ಸ್ವಲ್ಪ ಒತ್ತಬೇಕಾಗುತ್ತೆ."

"ಒತ್ತಮ್ಮ, ಒತ್ತು," ಹತಾನೊ ಮೂಗು ಸೇದುತ್ತ ಹೇಳಿದರು. "ಅವನಿಗೆ ಅಭ್ಯಾಸ ಇದೆ. ದಿನಾ ಬೆಳಿಗ್ಗೆ ರೈಲಿನ ಬಾಗಿಲು ಮುಚ್ಚಲಿ ಅಂತ ಬೆನ್ನ ಮೇಲೆ ಕೈಯಿಟ್ಟು ನೂಕಿಸ್ಕೊಂಡೇ ಕೆಲಸಕ್ಕೆ ಹೋದೋನು."

ಮುದುಕರೆಲ್ಲ ತಲೆಯಾಡಿಸಿದರು. ಅವರೆಲ್ಲರ ಬೆನ್ನಿಗೂ ಆ ಕೈಯ ನೆನಪಿತ್ತು. ಬಿಳಿ ಕೈಗವಸು ಪಾತ್ರೆಯೊಳಗೆ ಇಳಿಯಿತು. ಒಣ ಹಪ್ಪಳ ಮುರಿದಂಥ ಸದ್ದು ಕೋಣೆಯ ತುಂಬ ಕೇಳಿಸಿತು. ಒತ್ತಬೇಡಿ ಎಂದು ಕೂಗಬೇಕೆನಿಸಿತು ಸತೋಮಿಗೆ. ಹುಟ್ಟಿದಾಗಿನಿಂದ ಅವನನ್ನು ಎಲ್ಲಾದರೂ ಒತ್ತಿ ತುರುಕಿಯೇ ಇದ್ದರು. ಬೆಂಚಿಗೆ, ರೈಲಿಗೆ, ನಾಲ್ಕನೆಯ ಮಹಡಿಯ ಎರಡು ಕೋಣೆಗೆ. ಅವನೂ ತನ್ನ ಜಾಗ ಬಿಟ್ಟುಕೊಡದೆ ಹಿಂದೆ ಬರುವವರನ್ನು ಒತ್ತಿದ. ಅವಳಿಗೆ ಕೋಪವೂ ಕನಿಕರವೂ ಒಟ್ಟಿಗೇ ಬಂದವು. ಮುಚ್ಚಳ ಕೂತಿತು.

*

ಹಿಂದಿರುಗುವ ಚಿಕ್ಕ ಬಸ್ಸಿನಲ್ಲಿ ಸತೋಮಿಯ ತೊಡೆಯ ಮೇಲೆ ಬಿಳಿ ಬಟ್ಟೆ ಸುತ್ತಿದ ಪಾತ್ರೆ ಇತ್ತು. ಬೆಚ್ಚಗಿತ್ತು, ಅಂದುಕೊಂಡದ್ದಕ್ಕಿಂತ ಭಾರವಿತ್ತು. ಎರಡೂ ತೋಳಿನಿಂದ ಅಪ್ಪಿ ಹಿಡಿಯಬೇಕಿತ್ತು. ಕಿಟಕಿಯಾಚೆ ಬೆಳಕು ಇಳಿಯುತ್ತಿತ್ತು. ಚೀಲದಲ್ಲಿ ಫೋನು ಇನ್ನೊಂದು ಸಲ ನಡುಗಿ ಸುಮ್ಮನಾಯಿತು.

"ಸಮಾಧಿಯ ಚೀಟಿ ನಿನ್ನ ಹೆಸರಲ್ಲಿ ಹಾಕಬೇಕು ಇನ್ನು," ಎಂದರು ಹಿಂದಿನ ಸೀಟಿನಿಂದ ಯಾರೋ. "ಅಲ್ಲೀ ತನಕ ಇಬ್ಬರೂ ಬೀರು ಮೇಲೆ ಇರ್ಲಿ. ದಿನಾ ಒಂದು ಲೋಟ ನೀರಿಟ್ರೆ ಸಾಕು."

"ಹೌದು, ಮಗು ಮನೇಲೇ ಇರುತ್ತಲ್ಲ."

"ನಂದು ಆ ಟಿವಿ ಹತ್ತುತ್ತಿಲ್ಲ ಮಗು, ಬಿಡುವಾದಾಗ ಬಂದು ನೋಡು."

ಹತಾನೊ ಮುಂದಿನ ಸೀಟಿನಿಂದ ಎದ್ದು ಸತೋಮಿಯ ಪಕ್ಕ ಬಂದು ಕೂತರು. ಗಂಟಲು ಸರಿಮಾಡಿಕೊಂಡರು. ಆ ಸದ್ದು ಸತೋಮಿಗೆ ಚೆನ್ನಾಗಿ ಗೊತ್ತು. ಸಭೆ ಶುರುವಾಗುವ ಸದ್ದು.

"ಎಲ್ಲರೂ ಇಲ್ಲೇ ಇದ್ದೀವಿ, ಮತ್ತೆ ಸೇರೋದು ಕಷ್ಟ. ನನ್ನ ಮಂಡಿ ಕೇಳಬೇಡಿ. ಅಧ್ಯಕ್ಷರ ಜಾಗ ಖಾಲಿ ಬಿದ್ದಿದೆ. ಮಿನೋರು ಮಗಳಿಗಿಂತ ಒಳ್ಳೆಯವರು ಯಾರು ಸಿಗ್ತಾರೆ? ಕಾಲು ಗಟ್ಟಿಯಿದೆ, ಎಲ್ಲರ ಮನೆ ಬೀಗದ ಕೈ ಅವ್ಳ ಹತ್ರಾನೇ ಇದೆ."

"ಮಾವ, ನಾನು..." ಎಂದಳು ಸತೋಮಿ.

"ನಾಚ್ಕೋಬೇಡಮ್ಮ. ನಿಮ್ಮಪ್ಪನೂ ಮೊದಲು ಬೇಡ ಅಂದಿದ್ದ."

"ಅದಲ್ಲ ಮಾವ. ನಾನು ಒಂದು ಕಡೆ..."

"ಇರು, ಕ್ರಮ ಕ್ರಮವಾಗಿ ಆಗ್ಲಿ. ಸತೋಮಿ ಇಲ್ಲೇ ಇದ್ದು ಅಧ್ಯಕ್ಷಳಾಗ್ಲಿ ಅಂತ ಒಪ್ಪಿಗೆ ಇರೋರು?"

ಕಪ್ಪು ತೋಳುಗಳೊಳಗಿಂದ ಕೈಗಳು ಮೇಲೆದ್ದವು. ಗಂಟು ಬಿದ್ದ ಬೆರಳುಗಳು, ಕಂದು ಮಚ್ಚೆಯ ಕೈಗಳು, ಜಪಮಾಲೆ ಇನ್ನೂ ಸುತ್ತಿಕೊಂಡಿದ್ದ ಕೈಗಳು. ಏನೆಂದು ಕೇಳಿಸದ ಮೇಷ್ಟ್ರೂ ಅಕ್ಕಪಕ್ಕ ನೋಡಿ ಕೈ ಎತ್ತಿದರು. ಈ ಜನ ಎಲ್ಲಿ ಸೇರಿದರೂ ಅವರದೇ ಬಹುಮತ. ಶಾಲೆಯಲ್ಲಿ, ಕಾರ್ಖಾನೆಯಲ್ಲಿ, ಬ್ಲಾಕಿನಲ್ಲಿ, ಈಗ ಈ ಬಸ್ಸಿನಲ್ಲೂ.

ಸತೋಮಿ ಫುಮಿಕೊ ಅತ್ತೆಯ ಕಡೆ ನೋಡಿದಳು. ಬೆಳಿಗ್ಗೆ ಫೋನು ಯಾರದೆಂದು ಕೇಳಿದ ಅತ್ತೆ, ಚಹಾ ಒರೆಸಿದ ಅತ್ತೆ. ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಅವರ ಕಣ್ಣಿಗೆ ಹನಿ ಹಾಕಲು ಇನ್ನಾರಿದ್ದಾರೆ? ಅವರ ಕೈಯೂ ಮೆಲ್ಲಗೆ, ಕಿವಿಯ ತನಕ ಎದ್ದಿತು. ಅಮ್ಮನ ಕೈ ಎದ್ದಿದ್ದೂ ಹೀಗೇ.

"ಸರಿ," ಎಂದರು ಹತಾನೊ ತೃಪ್ತಿಯಿಂದ. "ವಿರೋಧ ಇರೋರು?" ಕೇಳುವುದು ವಾಡಿಕೆ, ಕೇಳಿದರು. ಉತ್ತರಕ್ಕೆ ಕಾದು ಅವರಿಗೆ ಅಭ್ಯಾಸವಿರಲಿಲ್ಲ. ಆಗಲೇ ಚಪ್ಪಾಳೆ ತಟ್ಟಲು ಎರಡೂ ಅಂಗೈ ತೆರೆದಿದ್ದರು.

ಸತೋಮಿ ಪಾತ್ರೆಯನ್ನು ಎತ್ತಿ ಆ ತೆರೆದ ಕೈಗಳ ನಡುವೆ, ಅವರ ತೊಡೆಯ ಮೇಲೆ ಇಟ್ಟಳು.

"ಹಿಡ್ಕೊಳ್ಳಿ ಮಾವ."

"ಏನಮ್ಮ ಇದು? ಬಿಸಿ ಇದೆ..." ಎಂದು ಹತಾನೊ ತಬ್ಬಿಬ್ಬಾಗಿ, ಬೀಳದಿರಲಿ ಎಂದು ಎರಡೂ ತೋಳಿನಿಂದ ಅಪ್ಪಿ ಹಿಡಿದರು. ಅರವತ್ತು ವರ್ಷದ ಹಿಂದೆ ತಾವು ಯಾರ ತೊಡೆಯ ಮೇಲೆ ಕೂತು ಬಂದಿದ್ದರೋ, ಈಗ ಅವನು ಅವರ ತೊಡೆಯ ಮೇಲಿದ್ದ.

ಖಾಲಿಯಾದ ತೋಳುಗಳಿಗೆ ಮೊದಲು ಏನೂ ತೋಚಲಿಲ್ಲ. ಆಮೇಲೆ ಸತೋಮಿಯ ಬಲಗೈ ಎದ್ದಿತು. ಭುಜ ದಾಟಿ, ತಲೆ ದಾಟಿ, ನೆಟ್ಟಗೆ. ಸೂರು ತಗ್ಗಾಗಿತ್ತು, ಬೆರಳ ತುದಿ ಅದಕ್ಕೆ ತಾಗಿ ಮಡಿಸಿಕೊಂಡಿತು. ಬಸ್ಸು ತಿರುವಿನಲ್ಲಿ ವಾಲಿದಾಗ ಎಲ್ಲರೂ ಸೀಟಿನ ಕಂಬಿ ಹಿಡಿದುಕೊಂಡರು. ಅವಳು ಹಿಡಿದುಕೊಳ್ಳಲಿಲ್ಲ, ಕೈಯನ್ನೂ ಇಳಿಸಲಿಲ್ಲ.